ದೊಡ್ಡಬೈರಣ್ಣನ ವಾರಂಟು, ಚಿಕ್ಕಬೈರಣ್ಣನ ಪಾಸ್‌ಪೋರ್ಟು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ಸುಳ್ಳು. ಮದ್ದು ಇದೆ, ಕುಡಿಯೋನು ಬಾಯಿ ತೆಗೀಬೇಕಲ್ಲ! ಕಲ್ಲುಪಾಳ್ಯದ ದೊಡ್ಡಬೈರಣ್ಣ ಐವತ್ತು ದಾಟಿದರೂ ಬಾಯಿ ತೆಗೀಲಿಲ್ಲ. ದೊಡ್ಡಬಳ್ಳಾಪುರದಿಂದ ಘಾಟಿ ದೇವಸ್ಥಾನಕ್ಕೆ ಹೋಗೋ ದಾರೀಲಿ ಎಡಕ್ಕೆ ತಿರುಗಿದರೆ ಕಲ್ಲುಪಾಳ್ಯ. ಆ ಊರಲ್ಲಿ ಅವನಷ್ಟು ನೇರವಾಗಿ ಸಾಲು ಹೊಡೆಯೋ ಇನ್ನೊಬ್ಬ ರೈತ ಇರಲಿಲ್ಲ. ಕೆರೆ ಕೆಳಗೆ ಗದ್ದೆ, ಹಟ್ಟಿಯಲ್ಲಿ ನಾಲ್ಕು ಹಸು, ಮಾತಿಗೆ ಸರಿಯಾಗಿ ಮಾತು ಕೊಡೋ ಹೆಂಡತಿ ಆದಿಲಕ್ಷ್ಮಮ್ಮ. ಏನು ಕಮ್ಮಿ ಇತ್ತು ಹೇಳಿ? ದೇವರು ಎರಡು ಕಣ್ಣು ಕೊಟ್ಟಿದ್ದ, ಎರಡನ್ನೂ ಅವನು ತಮ್ಮನ ಮನೆ ಮೇಲೇ ಇಟ್ಟಿದ್ದ.

ತಮ್ಮನ ಹೆಸರೂ ಬೈರಣ್ಣನೇ. ಇದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ನಮ್ಮ ಕಡೆ ಅಲ್ಲ. ಮನೆದೇವರು ಬೈರವೇಶ್ವರ. ಮೊದಲ ಮಗನಿಗೆ ದೇವರ ಹೆಸರಿಟ್ಟರು. ಆಮೇಲೆ ಹುಟ್ಟಿದ ಎರಡು ಕೂಸು ಉಳೀಲಿಲ್ಲ. ಇನ್ನೊಂದು ಹುಟ್ಟಿದಾಗ ತಂದೆ ಮುನಿಶಾಮಪ್ಪ ಹೆದರಿಕೊಂಡು, 'ಇವನೂ ನಿನ್ನವನೇ ತಂದೆ, ಇವನನ್ನ ಉಳಿಸ್ಕೊಡು' ಅಂತ ಹರಕೆ ಹೊತ್ತು ಅದೇ ಹೆಸರಿಟ್ಟ. ಮನೆಯಲ್ಲಿ ದೊಡ್ಡೋನು, ಚಿಕ್ಕೋನು. ಸ್ಕೂಲಿಗೆ ಸೇರಿಸಿದಾಗ ಮೇಷ್ಟ್ರು, "ದೊಡ್ಡ, ಚಿಕ್ಕ ಎಲ್ಲ ಮನೇಲೇ ಇಟ್ಕೊಳ್ರಪ್ಪ, ರಿಜಿಸ್ಟ್ರಿಗೆ ಬೈರಣ್ಣ ಅಂದ್ರೆ ಸಾಕು" ಅಂದುಬಿಟ್ಟರು. ಅಲ್ಲಿಂದ ಮುಂದೆ ವೋಟರ್ ಪಟ್ಟಿ, ರೇಷನ್ ಕಾರ್ಡು, ಪಹಣಿ ಎಲ್ಲದರಲ್ಲೂ ಇಬ್ಬರೂ ಎಂ. ಬೈರಣ್ಣ, ತಂದೆ ಮುನಿಶಾಮಪ್ಪ, ಕಲ್ಲುಪಾಳ್ಯ. ಪೋಸ್ಟ್‌ಮ್ಯಾನು ಕಾಗದ ಹಿಡ್ಕೊಂಡು, "ಇದು ಗದ್ದೆಯವರಿಗಾ, ಮಗ್ಗದವರಿಗಾ?" ಅಂತ ಕೇಳಿ ಕೊಡೋನು.

ಮಗ್ಗದವರು ಅಂದರೆ ತಮ್ಮ. ಹುಟ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅನ್ನೋ ಗಾದೆ ಇದೆಯಲ್ಲ, ಈ ಮನೇಲೂ ಹಾಗೇ ಆಯ್ತು. ಭಾಗ ಆದಾಗ ದೊಡ್ಡಬೈರಣ್ಣ ಕೆರೆ ಕೆಳಗಿನ ಗದ್ದೆ ಕೇಳಿದ. ತಮ್ಮ ತುಟಿಪಿಟಕ್ಕೆನ್ನದೆ ಬಿಟ್ಟುಕೊಟ್ಟು, ರಸ್ತೆ ಪಕ್ಕದ ಕಲ್ಲು ಹೊಲ ತಗೊಂಡ. 'ಪೆದ್ದ ನನ್ಮಗ' ಅಂತ ಅಣ್ಣ ಮೀಸೆಯೊಳಗೇ ನಕ್ಕ. ಆ ಪೆದ್ದ ಕಲ್ಲು ಹೊಲದಲ್ಲಿ ಒಂದು ಶೀಟಿನ ಶೆಡ್ಡು ಹಾಕಿ, ಕರೆಂಟು ಎಳೆಸಿ, ದೊಡ್ಡಬಳ್ಳಾಪುರದಿಂದ ಎರಡು ಹಳೇ ಪವರ್‌ಲೂಮ್ ತಂದು ನಿಲ್ಲಿಸಿದ. ಎರಡು ನಾಲ್ಕಾಯ್ತು, ನಾಲ್ಕು ಹದಿನಾರಾಯ್ತು. ಇಡೀ ದಿನ ಟಕಟಕ ಟಕಟಕ. ಊರಿನವರು ಆ ಸದ್ದಿಗೆ ಒಗ್ಗಿಕೊಂಡರು. ದೊಡ್ಡಬೈರಣ್ಣನಿಗೆ ಮಾತ್ರ ಅದು ನೇರವಾಗಿ ಎದೆಗೇ ಬಡಿಯೋದು. ನಾನು ನೇಗಿಲು ಹಿಡಿದೆ ಅಂತ ತಾನೇ ಇವನು ಎಸ್ಸೆಲ್ಸಿ ಓದಿದ್ದು, ಓದಿದ್ದಕ್ಕೆ ತಾನೇ ಸೊಸೈಟಿ ಸಾಲದ ಅರ್ಜಿ ಬರೆಯೋಕೆ ಬಂದದ್ದು, ಹಂಗಾದ್ರೆ ಆ ಮಗ್ಗದಲ್ಲಿ ನನ್ನ ಬೆವರಿಲ್ಲವಾ? ಈ ಲೆಕ್ಕವನ್ನ ಅವನು ಒಳಗೊಳಗೇ ದಿನಾ ಹಾಕೋನು. ಬಾಯಿಬಿಟ್ಟು ಒಂದು ದಿನ ತಮ್ಮನ ಹತ್ತಿರ ಕೇಳಿದೋನಲ್ಲ.

ಎಂಬತ್ತೆಂಟರ ಡಿಸೆಂಬರಲ್ಲಿ ಘಾಟಿ ದನದ ಜಾತ್ರೆಗೆ ಹೋರಿ ಹೊಡ್ಕೊಂಡು ಹೋಗಿದ್ದ. ಒಳ್ಳೇ ಹಳ್ಳಿಕಾರ್ ಜೋಡಿ. ನೋಡಿದವರೆಲ್ಲ ಹಲ್ಲು ಹಿಡಿದು ನೋಡಿ, ಬೆನ್ನು ತಟ್ಟಿ ಹೋಗ್ತಿದ್ದರು. ಅವನಿಗೆ ಬಹಳ ದಿನದ ಮೇಲೆ ಎದೆ ಉಬ್ಬಿತ್ತು. ಆಗ ಪಾಪಯ್ಯ ಅನ್ನೋ ದಲ್ಲಾಳಿ ಬಂದು, ಟವೆಲ್ ಹೆಗಲಿಗೆ ಹಾಕ್ಕೊಂಡು, "ಓಹೋಹೋ, ನೀವು ಮಗ್ಗದ ಬೈರಣ್ಣನ ಅಣ್ಣ ಅಲ್ವಾ ಯಜಮಾನ್ರೇ?" ಅಂದ. ಅಷ್ಟೇ ಅಂದದ್ದು, ಬಡಪಾಯಿ. ಬೇರೆ ಯಾರಾದರೂ ಆಗಿದ್ದರೆ ಹೌದಪ್ಪ ಅಂತಿದ್ದರು. ದೊಡ್ಡಬೈರಣ್ಣ ಕೈಯಲ್ಲಿದ್ದ ಬಾರುಕೋಲು ತಿರುಗಿಸಿ ಹಿಡಿದು ಪಾಪಯ್ಯನ ತಲೆಗೇ ಬಿಟ್ಟ. ಮೂರು ಹೊಲಿಗೆ ಬಿತ್ತು. ಪೊಲೀಸಿನವರು ಕರ್ಕೊಂಡು ಹೋದರು, ಊರಿನ ಕೊಂಡಪ್ಪ ಜಾಮೀನು ಕೊಟ್ಟ, ಕೋರ್ಟಿನಲ್ಲಿ ಎರಡು ಸಲ ಹಾಜರಾದ. ಮೂರನೇ ಸಲ ನಾಟಿ ಕೆಲಸ ಇತ್ತು, ಹೋಗಲಿಲ್ಲ. ನಾಲ್ಕನೇ ಸಲ ಹೋಗಲಿಕ್ಕೆ ಹೆದರಿಕೆ. ಒಂದೆರಡು ಸಲ ಪೇದೆ ಹುಡುಕಿಕೊಂಡು ಬಂದನಂತೆ. ಊರಿನವರು "ಯಾವ ಬೈರಣ್ಣ ಸ್ವಾಮಿ?" ಅಂತ ಕೇಳಿದ್ದಕ್ಕೆ ಅವನಿಗೇ ಗೊತ್ತಾಗದೆ ಹಿಂದಕ್ಕೆ ಹೋದನಂತೆ. ಆಮೇಲೆ ಯಾರೂ ಬರಲಿಲ್ಲ. ಕೊಂಡಪ್ಪನೂ ಶಿವನ ಪಾದ ಸೇರಿದ. ಕೇಸು ಸತ್ತಿತು ಅಂತ ದೊಡ್ಡಬೈರಣ್ಣ ಮರೆತೇಬಿಟ್ಟ.

ಕೇಸು ಎಲ್ಲಿ ಸಾಯುತ್ತೆ! ಕಾಗದಕ್ಕೆ ಮುಪ್ಪಿದೆಯಾ?

ತೊಂಬತ್ತೈದರ ಯುಗಾದಿ. ಮಾರನೇ ದಿನ ಬಾಡೂಟದ ಹೊಸತೊಡಕು. ಭಾಗ ಆಗಿದ್ದರೂ ಹೊಸತೊಡಕಿನ ಊಟ ಮಾತ್ರ ಎರಡೂ ಮನೆಯವರು ಹಿರೀಮನೇಲೇ ಮಾಡೋದು ಪದ್ಧತಿ. ಚಿಕ್ಕಬೈರಣ್ಣ, ಅವನ ಹೆಂಡತಿ ವರಲಕ್ಷ್ಮಮ್ಮ ಬಂದರು. ಮುದ್ದೆ, ಮಟನ್ ಸಾರು. ಎರಡನೇ ಮುದ್ದೆಗೆ ಕೈ ಹಾಕಿದಾಗ ತಮ್ಮ ಮೆಲ್ಲಗೆ ಶುರುಮಾಡಿದ.

"ಅಣ್ಣ, ನಿನಗೆ ಹೇಳ್ದೆ ಏನೂ ಮಾಡಬಾರದು ಅಂತ ಬಂದೆ. ದುಬೈನಲ್ಲಿ ಒಂದು ಸೀರೆ ಅಂಗಡಿ ಮಾಡೋಣ ಅಂತ."

ದೊಡ್ಡಬೈರಣ್ಣ ಮುರಿದ ಮುದ್ದೆಯನ್ನ ತಟ್ಟೆಗೇ ವಾಪಸು ಇಟ್ಟ. ನೀರು ಕುಡಿದ.

"ಎಲ್ಲಿ?"

"ದುಬೈ ಕಣಣ್ಣ. ನಮ್ಮ ಸೀರೇನ ಚಿಕ್ಕಪೇಟೆ ಹರಿಪ್ರಸಾದ್ ತಗೊಂಡು ಅಲ್ಲಿಗೆ ಕಳಿಸ್ತಾನೆ. ನೇದೋನು ನಾನು, ಹೆಸರು ಅವನದು. ನಾವೇ ಯಾಕೆ ಅಲ್ಲಿ ಒಂದು ಬಾಗಿಲು ತೆಗೀಬಾರದು ಅಂತ. ಗಾಂಧಿನಗರದ ವಕೀಲರನ್ನ ಕೇಳಿದೀನಿ. ಸುಮ್ಮನೆ ಹೋಗಿ ಅಂಗಡಿ ಇಡೋಕಾಗಲ್ಲ. ಹೊರದೇಶದೋನ ಹೆಸರಿಗೆ ಪೂರ್ತಿ ಅಂಗಡಿ ಕೊಡಲ್ಲ ಅಲ್ಲಿ. ಆ ದೇಶದವನೊಬ್ಬ ಪಾಲುದಾರ ಇರಬೇಕು. ನೂರಕ್ಕೆ ಐವತ್ತೊಂದು ಅವನದು, ನಲವತ್ತೊಂಬತ್ತು ನಮ್ಮದು."

"ಐವತ್ತೊಂದಾ?"

"ಕಾಗದದ ಮೇಲೆ. ವರ್ಷಕ್ಕೆ ಇಷ್ಟು ಅಂತ ಅವನಿಗೆ ಕೊಟ್ಟರೆ ವ್ಯಾಪಾರಕ್ಕೆ ಕೈ ಹಾಕಲ್ಲ. ಅವನೇ ನನಗೆ ವೀಸಾ ಮಾಡಿಸೋನು. ಆ ಕರಾರು, ನಮ್ಮ ಮಗ್ಗದ ರಿಜಿಸ್ಟ್ರೇಷನ್ನು, ಬ್ಯಾಂಕಿನ ಕಾಗದ ಎಲ್ಲಾನೂ ನೋಟರಿ ಮಾಡಿಸಿ, ಡೆಲ್ಲೀಲಿ ಅವರ ಎಂಬೆಸಿಯ ಸೀಲು ಹಾಕಿಸಿ, ಅರಬ್ಬಿ ಭಾಷೆಗೆ ಬರೆಸಬೇಕಂತೆ. ಅಂಗಡಿಗೆ ಅಲ್ಲಿನ ಆಫೀಸು ಒಪ್ಪಿಗೆ ಕೊಟ್ಟಾಗಿದೆ. ಆಗಸ್ಟ್ ಕೊನೆಯೊಳಗೆ ನಾನು ಖುದ್ದಾಗಿ ಹೋಗಿ ಸೈನ್ ಹಾಕಬೇಕು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೀನಿ, ಅದು ಬಂದರೆ ವೀಸಾ."

ಊಟ ಮುಗಿಸಿ ಅವರು ಹೋದರು. ದೊಡ್ಡಬೈರಣ್ಣ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡ, ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟುಕೊಂಡ.

"ಕೇಳಿದ್ಯೇನೇ? ಒಡಹುಟ್ಟಿದೋನಿಗೆ ಸಮಪಾಲು. ಯಾವನೋ ಕಂಡೂ ಕೇಳದ ಅರಬ್ಬಿಗೆ ಐವತ್ತೊಂದು! ನನಗೆ ಒಂದೇ ಒಂದು ಮಗ್ಗ ತಗೋ ಅಣ್ಣ ಅಂದ್ನಾ?"

"ನೀವು ಕೇಳಿದ್ರಾ?" ಅಂದಳು ಆದಿಲಕ್ಷ್ಮಮ್ಮ, ತಟ್ಟೆ ಎತ್ತುತ್ತಾ.

"ಕೇಳ್ಬೇಕಾ? ಹಿರಿಯೋನು ನಾನು ಕೈ ಒಡ್ಡಬೇಕಾ?"

ಆವತ್ತಿಂದ ಅವನಿಗೆ ಊಟ ಸೇರಲಿಲ್ಲ. ಇನ್ನೂ ಮುಖ ನೋಡದ ಆ ಅರಬ್ಬಿ ಮೇಲೂ ಹೊಟ್ಟೆ ಉರಿ. ತಮ್ಮ ವಿಮಾನ ಹತ್ತೋದು, ಊರೆಲ್ಲ ಹಾರ ಹಾಕೋದು, ಮಗ್ಗದವನು ಹೋಗಿ ದುಬೈ ಬೈರಣ್ಣ ಆಗೋದು, ಎಲ್ಲವನ್ನೂ ಕೂತಲ್ಲೇ ನೋಡಿಬಿಟ್ಟ. ಗದ್ದೆ ಬದುವಿನ ಮೇಲೆ ನಿಂತರೂ ಅದೇ, ಹಾಲು ಕರೆಯೋಕೆ ಕೂತರೂ ಅದೇ.

ಹದಿನೈದು ದಿನ ಕಳೀತು. ಅಮ್ಮಯಮ್ಮನ ಟೀ ಅಂಗಡೀಲಿ ದೊಡ್ಡಬೈರಣ್ಣ ಒಬ್ಬನೇ ಕೂತು ಟೀ ಊದಿಕೊಂಡು ಕುಡೀತಿದ್ದ. ಪೇದೆ ವೆಂಕಟರಾಯಪ್ಪ ಸೈಕಲ್ಲಿನಲ್ಲಿ ಬಂದು ಇಳಿದ. ಕಂಕುಳಲ್ಲಿ ಒಂದು ಫೈಲು.

"ಬೈರಣ್ಣ, ಮುನಿಶಾಮಪ್ಪನ ಮಗ. ಯಾರಮ್ಮಾ? ಪಾಸ್‌ಪೋರ್ಟು ವಿಚಾರಣೆ."

"ಮಗ್ಗದ ಬೈರಣ್ಣಂದು ಸ್ವಾಮಿ ಅದು, ರಸ್ತೆ ಪಕ್ಕ ಶೆಡ್ಡು. ಇವರು ಅವರಣ್ಣ, ಇವರೂ ಬೈರಣ್ಣನೇ," ಅಂತ ಹೇಳಿ ಅಮ್ಮಯಮ್ಮ ಹಾಲು ತರೋಕೆ ಒಳಕ್ಕೆ ಹೋದಳು.

ವೆಂಕಟರಾಯಪ್ಪ ಬೆಂಚಿನ ಮೇಲೆ ಕೂತು ಫೈಲು ಬಿಚ್ಚಿದ. "ನೋಡಿ ಯಜಮಾನ್ರೇ, ಒಂದು ತೊಡಕಾಗಿದೆ. ನಮ್ಮ ಠಾಣೆ ಪುಸ್ತಕದಲ್ಲಿ ಈ ಹೆಸರಿಗೆ ವಾರಂಟಿದೆ. ಅದೇ ಹೆಸರು, ಅದೇ ತಂದೆ, ಅದೇ ಊರು. ಘಾಟಿ ದನದ ಜಾತ್ರೇಲಿ ಪಾಪಯ್ಯ ಅನ್ನೋನ ತಲೆ ಒಡೆದ ಕೇಸು. ಅದು ನಿಮ್ಮ ತಮ್ಮನಾ, ನೀವಾ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ದೊಡ್ಡಬೈರಣ್ಣನ ಬಲಗೈ ತಾನಾಗೇ ಪಂಚೆ ಮಡಿಕೆಯೊಳಕ್ಕೆ ಹೋಯ್ತು. ನಾನೇ ಅಂದರೆ ಇಲ್ಲಿಂದಲೇ ಎಳ್ಕೊಂಡು ಹೋಗ್ತಾನೆ. ಅವನು ಅಂದರೆ ದೇವರ ಮುಂದೆ ಸುಳ್ಳು. ಹಾವೂ ಸಾಯಬಾರದು, ಕೋಲೂ ಮುರೀಬಾರದು.

"ನಮ್ಮೂರಲ್ಲಿ ಮೂರು ಮನೆಗೊಬ್ಬ ಬೈರಣ್ಣ ಇದಾನೆ ಸ್ವಾಮಿ. ಯಾವನು ಯಾರ ತಲೆ ಒಡೆದನೋ, ನಾನೇನ್ ಕಂಡೆ?"

ಪೇದೆ ಫೈಲು ಮಡಚಿ ಕಟ್ಟಿದ. "ಹೇಳೋರು ಹೇಳದಿದ್ರೆ ನಾನು ಇದ್ದದ್ದನ್ನ ಬರೀಬೇಕಾಗುತ್ತೆ. ಕೇಸು ಬಾಕಿ ಇದೆ ಅಂತ." ಟೀ ಕುಡಿದು ಹೋದ.

ಅವನು ಹೋದ ಮೇಲೆ ದೊಡ್ಡಬೈರಣ್ಣ ಅರ್ಧ ಟೀ ಬಿಟ್ಟು ಎದ್ದ. ಮೊದಲು ಬಂದದ್ದು ಬರೀ ಹೆದರಿಕೆ, ಅದನ್ನ ಹೇಳಲೇಬೇಕು. ಮನೆ ಕಡೆ ಅರ್ಧ ದಾರಿ ನಡೆದ ಮೇಲೆ ವಿಷಯ ತಲೆಗೆ ಹತ್ತಿತು. ಕೇಸು ಬಾಕಿ ಅಂದರೆ ಪಾಸ್‌ಪೋರ್ಟಿಲ್ಲ. ಪಾಸ್‌ಪೋರ್ಟಿಲ್ಲ ಅಂದರೆ ವೀಸಾ ಇಲ್ಲ. ವೀಸಾ ಇಲ್ಲ ಅಂದರೆ ದುಬೈ ಇಲ್ಲ! ತಾನು ಬಾಯಿ ಮುಚ್ಕೊಂಡು ಕೂತದ್ದಕ್ಕೆ ಹದಿನಾರು ಮಗ್ಗದೋನು ನಿಂತಲ್ಲೇ ನಿಂತ. ಹಾಲು ಕುಡಿದಷ್ಟು ಸಂತೋಷ ಆಯ್ತು ಆ ಮನುಷ್ಯನಿಗೆ. ಆವತ್ತು ಮೂರು ಮುದ್ದೆ ಉಂಡ, ಆದಿಲಕ್ಷ್ಮಮ್ಮನಿಗೇ ಆಶ್ಚರ್ಯ. ಥೂ, ಇಂಥಾ ಸಂತೋಷಕ್ಕೆ ಬೆಂಕಿ ಹಾಕ.

ಅಲ್ಲಿಂದ ಚಿಕ್ಕಬೈರಣ್ಣನ ಅಲೆದಾಟ ಶುರುವಾಯ್ತು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದರೆ ಸಾಯಂಕಾಲ ಬಾಡಿದ ಮುಖ ಹೊತ್ತು ಬರೋನು. ಠಾಣೆ, ಪಾಸ್‌ಪೋರ್ಟ್ ಆಫೀಸು, ವಕೀಲರು, ಮತ್ತೆ ಠಾಣೆ. ಪೊಲೀಸ್ ವರದಿ ಸರಿಯಾಗಿ ಬಾರದೆ ನಾವು ಮುಟ್ಟೋ ಹಾಗಿಲ್ಲ ಅಂದರು ಪಾಸ್‌ಪೋರ್ಟಿನವರು. ಪಾಸ್‌ಪೋರ್ಟಿನ ನಕಲು ಕಳಿಸದೆ ವೀಸಾಕ್ಕೆ ಅರ್ಜಿ ಹಾಕೋಕಾಗಲ್ಲ ಅಂತ ದುಬೈಯಿಂದ ಫ್ಯಾಕ್ಸು. ಇಷ್ಟರಲ್ಲಿ ಚಿಕ್ಕಪೇಟೆ ಹರಿಪ್ರಸಾದ್ ಬಂದು, "ನೀವು ಯಾಕೆ ತಲೆ ಕೆಡಿಸ್ಕೊಳ್ತೀರಾ ಬೈರಣ್ಣನವರೇ? ನನ್ನ ಹತ್ತಿರ ಪಾಸ್‌ಪೋರ್ಟಿದೆ. ಅಂಗಡಿ ನನ್ನ ಹೆಸರಿಗೇ ಮಾಡ್ಕೊಳ್ತೀನಿ, ನೀವು ಸೀರೆ ಕಳಿಸ್ತಾ ಇರಿ" ಅಂದನಂತೆ. ಆಗಸ್ಟ್ ಕೊನೆಗೆ ಒಪ್ಪಿಗೆ ಬಿದ್ದುಹೋದರೆ ಅದೇ ಗತಿ. ಎರಡು ವರ್ಷ ಓಡಾಡಿ ಹುಡುಕಿದ ಜಾಗ, ಒಪ್ಪಿಸಿದ ಅರಬ್ಬಿ, ಎಲ್ಲ ಹರಿಪ್ರಸಾದನ ಪಾಲು.

ಈ ಸುದ್ದಿಯೆಲ್ಲ ವರಲಕ್ಷ್ಮಮ್ಮನಿಂದ ಆದಿಲಕ್ಷ್ಮಮ್ಮನಿಗೆ, ಅವಳಿಂದ ಗಂಡನಿಗೆ. ಅವನು ಕೆದಕಿ ಕೆದಕಿ ಕೇಳೋನು. "ಆಮೇಲೆ? ಅರಬ್ಬಿ ಏನಂದ? ಫ್ಯಾಕ್ಸಲ್ಲಿ ಇನ್ನೇನಿತ್ತು?" ಕಣ್ಣಲ್ಲಿ ಹೊಳಪು. ಆದರೆ ಅದರಲ್ಲೂ ಒಂದು ಮುಳ್ಳು. ಊರಿನವರು ಟೀ ಅಂಗಡೀಲಿ ಕೂತು, "ಪಾಪ, ಚಿಕ್ಕಬೈರಣ್ಣ ಅಂಥಾ ಮನುಷ್ಯನಿಗೆ ಹಿಂಗಾಗಬಾರದಿತ್ತು" ಅಂತ ಲೊಚಗುಟ್ಟೋರು. ನನ್ನ ಭತ್ತಕ್ಕೆ ರೋಗ ಬಿದ್ದಾಗ ಒಬ್ಬ ನನ್ಮಗನಾದ್ರೂ ಪಾಪ ಅಂದನಾ? ತಮ್ಮನ ಕಷ್ಟಕ್ಕೆ ಸಿಗೋ ಮರ್ಯಾದೆ ನೋಡಿಯೂ ಅವನ ಹೊಟ್ಟೆ ಉರಿಯಿತು. ಏನು ಹೇಳೋಣ ಇಂಥವನಿಗೆ!

ಇನ್ನೊಂದು ಕಾಯುವಿಕೆ ಬೇರೆ ಇತ್ತು. ತಮ್ಮ ಬರ್ತಾನೆ. ಬಂದೇ ಬರ್ತಾನೆ. ಬಂದು, ಅಣ್ಣ, ಆ ಕೇಸು ನಿನ್ನದಲ್ವಾ, ಒಂದು ಮಾತು ಠಾಣೇಲಿ ಹೇಳು ಅಂತ ಕೈ ಮುಗೀತಾನೆ. ಆಗ ಏನನ್ನಬೇಕು ಅನ್ನೋದನ್ನೂ ದೊಡ್ಡಬೈರಣ್ಣ ರೆಡಿ ಮಾಡಿಟ್ಟುಕೊಂಡಿದ್ದ. 'ಈಗ ಬಂತಾ ಅಣ್ಣನ ನೆನಪು? ನಿನ್ನ ಐವತ್ತೊಂದರ ಪಾಲುದಾರನ್ನ ಕೇಳು ಹೋಗಪ್ಪ.' ಇದನ್ನ ಹಸುವಿನ ಮುಂದೆ ನಿಂತು ನಾಲ್ಕು ಸಲ ಹೇಳಿ ನೋಡಿಕೊಂಡ. ಅಂದು ಮುಗಿಸಿ, ಸ್ವಲ್ಪ ದಿನ ಸತಾಯಿಸಿ, ಆಮೇಲೆ ನೋಡಿದರಾಯ್ತು. ಆದರೆ ತಮ್ಮ ಬರಲೇ ಇಲ್ಲ. ದಾರೀಲಿ ಸಿಕ್ಕರೆ, "ಊಟ ಆಯ್ತಾ ಅಣ್ಣ" ಅಂತ ಕೇಳಿ ಹೋಗೋನು. ಮೇ ಹೋಯ್ತು, ಜೂನ್ ಹೋಯ್ತು. ಎಷ್ಟು ಕೊಬ್ಬು ನೋಡು ಇವನಿಗೆ, ಅಂಗಡಿ ಹೋದರೂ ಪರವಾಗಿಲ್ಲ, ಅಣ್ಣನ ಬಾಗಿಲಿಗೆ ಬರಲ್ಲ ಅಂತಾನಲ್ಲ ಅಂತ ಹಲ್ಲು ಕಡಿದ.

ಜುಲೈ ನಡುವಿಗೆ ಹಿಂಡಿ ಬೂಸಾ ತರೋಕೆ ದೊಡ್ಡಬಳ್ಳಾಪುರಕ್ಕೆ ಹೋಗಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮೂಟೆ ಇಳಿಸಿಕೊಂಡು ನಿಂತಿರಬೇಕಾದರೆ ಹಿಂದಿನಿಂದ ಯಾರೋ ಹೆಗಲು ತಟ್ಟಿದರು. ತಿರುಗಿದರೆ ವೆಂಕಟರಾಯಪ್ಪ.

"ಏನ್ ಯಜಮಾನ್ರೇ, ಚೆನ್ನಾಗಿದೀರಾ? ತಮ್ಮ ಏನ್ ಮಾಡ್ತಿದಾನೆ?"

"ಅವನ ಪಾಡಿಗೆ ಅವನಿದಾನೆ."

"ಅವನಂಥ ಮನುಷ್ಯನ್ನ ನನ್ನ ಸರ್ವೀಸಲ್ಲಿ ನೋಡಿಲ್ಲ ಕಣ್ರೀ. ಸಾಹೇಬರು ಅವನಿಗೆ ನಾಲ್ಕು ಸಲ ಹೇಳಿದ್ರು. ಒಂದು ಕಾಗದ ಬರೆದುಕೊಡಪ್ಪ, ಆ ಕೇಸಿನ ಬೈರಣ್ಣ ನಾನಲ್ಲ, ಇಂಥವನು ಅಂತ. ನಾಳೆ ಬೆಳಿಗ್ಗೆ ನಿನ್ನ ವರದಿ ಹೋಗುತ್ತೆ ಅಂತ. ಅವನು ಏನಂದ ಗೊತ್ತಾ? ನಾನಲ್ಲ ಅಂತ ಬೇಕಾದ್ರೆ ಬರ್ಕೊಡ್ತೀನಿ ಸಾರ್, ಯಾರು ಅನ್ನೋದು ನನಗೆ ಗೊತ್ತಿಲ್ಲ ಅಂದ. ಬರೀ ನಾನಲ್ಲ ಅಂದ್ರೆ ಯಾರಪ್ಪಾ ಒಪ್ತಾರೆ? ಎಲ್ಲರೂ ನಾನಲ್ಲ ಅಂತಾನೇ ಅನ್ನೋದು." ವೆಂಕಟರಾಯಪ್ಪ ದನಿ ತಗ್ಗಿಸಿದ. "ನಾನು ಆಚೆ ಕರ್ಕೊಂಡು ಹೋಗಿ ಬೈದೆ. ಯಾಕ್ಲಾ ಹಾಳಾಗ್ತೀಯಾ ಅಂದೆ. ಅದಕ್ಕವನು, ಹೆಸರು ಬರೆದ್ರೆ ನೀವು ಹೋಗಿ ಹಿಡ್ಕೊಂಡ್ ಬರ್ತೀರಾ, ಈ ವಯಸ್ಸಲ್ಲಿ ಅವನಿಗೆ ಬೇಡಿ ಹಾಕಿ ಊರೊಳಗೆ ನಡೆಸಿದ್ರೆ ನಾನು ದುಬೈನಲ್ಲಿ ಕೂತು ಅನ್ನ ತಿನ್ನೋಕಾಗುತ್ತಾ ಅಂದ. ಯಾರಿಗೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಿರೋದು ಬೇರೆ, ಕಾಗದದ ಮೇಲಿರೋದು ಬೇರೆ."

ಬಸ್ಸು ಬಂತು. ಮೂಟೆ ಟಾಪಿಗೆ ಹಾಕಿಸಿ, ಸೀಟು ಹಿಡಿದು ಕೂತ. ಇಂಥಾ ಮಾತು ಕೇಳಿದ ಮೇಲೆ ಕಣ್ಣಲ್ಲಿ ನೀರು ಬರಬೇಕು, ಅಲ್ವಾ? ಬೇರೆಯವರಿಗೆ ಬರ್ತಿತ್ತು. ದೊಡ್ಡಬೈರಣ್ಣನಿಗೆ ಬಂದದ್ದು ಸಿಟ್ಟು. ಎಂಥಾ ಸಿಟ್ಟು ಅಂದರೆ ಕಂಡಕ್ಟರು ಟಿಕೆಟ್ ಕೇಳಿದ್ದಕ್ಕೆ ಅವನ ಮೇಲೂ ಹರಿಹಾಯ್ದ. ಮನೆಗೆ ಬಂದು ಮೂಟೆಯನ್ನ ಧೊಪ್ಪಂತ ಹಾಕಿದ.

"ನನ್ನ ಹೆಸರು ಬರ್ಕೊಟ್ರೆ ಸಾಕು ಅಂತ ಅವನಿಗೆ ಗೊತ್ತಿತ್ತು ಕಣೇ! ಮೊದಲಿಂದಲೂ ಗೊತ್ತಿತ್ತು, ಬರ್ಕೊಡಲಿಲ್ಲ!"

ಆದಿಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನಗೂ ಗೊತ್ತಿತ್ತು. ವರಲಕ್ಷ್ಮಿ ಅವತ್ತೇ ಹೇಳಿದ್ಳು. ನಿಮ್ಮ ಕಿವಿಗೆ ಬೀಳಬಾರದು ಅಂತ ಮೈದುನ ಆಣೆ ಹಾಕಿಸ್ಕೊಂಡಿದ್ರಂತೆ."

"ನಿನಗೂ ಗೊತ್ತಿತ್ತು! ಪೇದೆಗೂ ಗೊತ್ತು! ಎಲ್ಲರ ಮುಂದೆ ಅವನು ದೇವರು, ನಾನು ದೆವ್ವ!" ದೊಡ್ಡಬೈರಣ್ಣನ ದನಿ ಒಡೀತು. "ದುಡ್ಡಲ್ಲಿ ಮುಂದೆ ಹೋದ, ಹೋಗ್ಲಿ. ಓದಲ್ಲಿ ಹೋದ, ಹೋಗ್ಲಿ. ಈ ಒಳ್ಳೇತನದಲ್ಲೂ ನನಗಿಂತ ಮುಂದೆ ಹೋಗಬೇಕಾ? ನನಗೆ ಅಂತ ಏನಾದ್ರೂ ಬಿಡಬಾರದಾ ಅವನು? ನನ್ನನ್ನ ಹಾಳುಮಾಡೋಕೇ ಒಳ್ಳೆಯವನಾಗಿ ಕೂತವ್ನೆ ಕಣೇ!"

ಆದಿಲಕ್ಷ್ಮಮ್ಮ ಮೊರ ಕೆಳಗಿಟ್ಟಳು. ಮೂವತ್ತು ವರ್ಷದಿಂದ ಇದೇ ಪುರಾಣ ಕೇಳಿ ಅವಳಿಗೂ ಸಾಕಾಗಿತ್ತು.

"ಹಂಗಾದ್ರೆ ನೀವೂ ಒಂದ್ಸಲ ಒಳ್ಳೆಯವರಾಗಿ ಅವರನ್ನ ಹಾಳುಮಾಡಿ ನೋಡಾನ."

ಅವನು ಮೂಟೆ ಎತ್ತಿಕೊಂಡ. ಹಟ್ಟಿಗೆ ಹೋಗಿ ಹಸುಗಳಿಗೆ ಬೂಸಾ ಕಲಸಿಟ್ಟ. ಮಾರನೇ ದಿನ ಬೆಳಿಗ್ಗೆ ಬಿಸಿನೀರು ಸ್ನಾನ ಮಾಡಿ, ಹೊಸತೊಡಕಿಗೆ ಉಟ್ಟಿದ್ದ ಬಿಳಿ ಪಂಚೆ ಉಟ್ಟು, ದೇವರ ಗೂಡಿಗೆ ಕೈ ಮುಗಿದು ಮೊದಲ ಬಸ್ಸಿಗೇ ಹೊರಟ. ಎಲ್ಲಿಗೆ ಅಂತ ಹೆಂಡತಿಯೂ ಕೇಳಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಕಾಂತರಾಜು ಅಂತ ಒಬ್ಬ ವಕೀಲ, ಕೋರ್ಟಿನ ಎದುರಿನ ಸಣ್ಣ ರೂಮಿನಲ್ಲಿ ಕೂತಿರೋನು. ವಿಷಯ ಪೂರ್ತಿ ಕೇಳಿ ಕನ್ನಡಕ ತೆಗೆದ.

"ಯಜಮಾನ್ರೇ, ಆರು ವರ್ಷ ತಪ್ಪಿಸ್ಕೊಂಡು ತಿರುಗಿದೀರಾ. ನೀವಾಗಿ ಹಾಜರಾದ್ರೆ ಒಳ್ಳೇದೇ. ಆದ್ರೆ ಜಾಮೀನು ಇಲ್ದೆ ಬಿಡಲ್ಲ ಇವತ್ತು. ಜಾಮೀನಿಗೆ ಯಾರಿದಾರೆ?"

"ಮೊದ್ಲು ಹಾಜರಾಗ್ತೀನಿ ಸ್ವಾಮಿ. ಅದೇ ಕೇಸಿನಲ್ಲಿ ಒಂದು ಮಾತು ಬರೆಸ್ಬೇಕು, ಅದಕ್ಕೇ ಬಂದದ್ದು."

ಹನ್ನೊಂದೂವರೆಗೆ ಕೂಗಿದರು. ಕಟಕಟೆ ಹತ್ತಿ ಕೈ ಮುಗಿದ. ನ್ಯಾಯಾಧೀಶರು ಹಳೇ ಫೈಲಿನ ಧೂಳು ಕೊಡವಿ, "ಯಾಕಪ್ಪಾ ಇಷ್ಟು ವರ್ಷ ಬರಲಿಲ್ಲ?" ಅಂದರು.

"ಹೆದರಿಕೆ ಸ್ವಾಮಿ. ಆಮೇಲೆ ಮರೆತೆ. ಆಮೇಲೆ ನೆನಪಾದ್ರೂ ಬರಲಿಲ್ಲ," ಅಂದ. "ನಾನು ಮುನಿಶಾಮಪ್ಪನ ದೊಡ್ಡ ಮಗ. ನಮ್ಮಪ್ಪನಿಗೆ ಇನ್ನೊಬ್ಬ ಮಗ ಅವ್ನೆ, ಅವನ ಹೆಸರೂ ಬೈರಣ್ಣನೇ. ಅವನಿಗೂ ಈ ಕೇಸಿಗೂ ಸಂಬಂಧ ಇಲ್ಲ. ಪಾಪಯ್ಯನ ತಲೆ ಒಡೆದ ಕೈ ಇದು. ಅದನ್ನ ಸರಿಯಾಗಿ ಬರ್ಕೊಳ್ಳಿ ಸ್ವಾಮಿ, ಬುದ್ಧಿ, ತಪ್ಪಾಗಬಾರದು."

ಬರ್ಕೊಂಡರು. ಓದಿ ಹೇಳಿದರು. ಹೆಬ್ಬೆಟ್ಟಲ್ಲ, ಅವನಿಗೆ ಹೆಸರು ಬರೆಯೋಕೆ ಬರ್ತಿತ್ತು. 'ದೊಡ್ಡಬೈರಣ್ಣ' ಅಂತ ಪೂರ್ತಿ ಬರೆದ. ಯಾವ ಸರ್ಕಾರಿ ಕಾಗದದ ಮೇಲೂ ಅದುವರೆಗೂ ಹಾಗೆ ಬರೆದಿರಲಿಲ್ಲ. ಜಾಮೀನುದಾರ ಬಂದರೆ ಬಿಡಿ, ಇಲ್ಲದಿದ್ದರೆ ಮುಂದಿನ ತಾರೀಕಿನವರೆಗೆ, ಅಂದರೆ ಹದಿನೈದು ದಿನ, ಸಬ್‌ಜೈಲು ಅಂತ ಆರ್ಡರ್ ಆಯ್ತು.

ಆ ಆರ್ಡರಿನ ನಕಲು ಠಾಣೆಗೆ ಹೋಯ್ತು, ವೆಂಕಟರಾಯಪ್ಪ ಎರಡೇ ದಿನಕ್ಕೆ ಹೊಸ ವರದಿ ಬರೆಸಿದ, ಪಾಸ್‌ಪೋರ್ಟು ಬಂತು, ವೀಸಾ ಬಂತು, ಆಗಸ್ಟ್ ಮುಗಿಯೋಕೆ ನಾಲ್ಕು ದಿನ ಇದ್ದ ಹಾಗೇ ಚಿಕ್ಕಬೈರಣ್ಣ ದುಬೈನಲ್ಲಿ ಸೈನ್ ಹಾಕಿದ. ಹರಿಪ್ರಸಾದ್ ಬಾಯಿ ಬಿಟ್ಕೊಂಡು ನೋಡಿದ. ಅದೆಲ್ಲ ಆಮೇಲಿನ ಮಾತು. ನಾನು ಹೇಳಬೇಕಾಗಿರೋದು ಆವತ್ತಿನ ಮಧ್ಯಾಹ್ನದ್ದು.

ಕೋರ್ಟಿನ ವರಾಂಡದ ಬೆಂಚಿನ ಮೇಲೆ ದೊಡ್ಡಬೈರಣ್ಣ ಕೂತಿದ್ದ, ಪಕ್ಕದಲ್ಲಿ ಸಬ್‌ಜೈಲಿಗೆ ಕರ್ಕೊಂಡು ಹೋಗೋಕೆ ಬಂದಿದ್ದ ವೆಂಕಟರಾಯಪ್ಪ. ಸ್ಕೂಟರ್ ಬಂದು ನಿಂತಿತು. ಯಾರು ಹೇಳಿದರೋ ಏನೋ, ಚಿಕ್ಕಬೈರಣ್ಣ ಓಡಿ ಬಂದ. ತಲೆ ಕೆದರಿದೆ, ಅಂಗಿಗೆಲ್ಲ ಮಗ್ಗದ ನೂಲಿನ ಎಳೆ, ಕೈಯಲ್ಲಿ ಪಹಣಿ, ಕಂದಾಯದ ರಸೀದಿ.

"ಏನಣ್ಣ ಇದು! ಯಾರಿಗೂ ಹೇಳ್ದೆ ಹಿಂಗ್ ಬಂದ್ಬಿಟ್ಟೆ?" ಅವನ ಕಣ್ಣು ತುಂಬಿತ್ತು. ವಕೀಲ ಕಾಂತರಾಜು ಕೊಟ್ಟ ಫಾರಂ ತಗೊಂಡು, ಕಂಬಕ್ಕೆ ಒತ್ತಿ ಹಿಡಿದು, ಜೇಬಿಂದ ಪೆನ್ನು ತೆಗೆದ. "ಎಲ್ಲಿ ಸಾರ್ ಸೈನು? ಎಷ್ಟಕ್ಕಾದ್ರೂ ಬರೀರಿ. ಸಾಯಂಕಾಲಕ್ಕೆ ಮನೇಲಿರ್ತೀಯ ಅಣ್ಣ."

"ಬೇಡ," ಅಂದ ದೊಡ್ಡಬೈರಣ್ಣ.

"ಏನ್ ಬೇಡ?"

"ನಿನ್ನ ಜಾಮೀನು ಬೇಡ. ಹೋಗು."

"ಯಜಮಾನ್ರೇ, ತಲೆ ಸರಿ ಇದೆಯಾ? ಹದಿನೈದು ದಿನ ಒಳಗಿರ್ಬೇಕು," ಅಂದ ಕಾಂತರಾಜು.

"ಇರ್ತೀನಿ."

"ಅಣ್ಣಾ, ಕೋಪ ಇದ್ರೆ ಆಮೇಲೆ ನಾಲ್ಕು ಹೊಡಿ. ಈಗ ಸುಮ್ನಿರು," ಅಂತ ಚಿಕ್ಕಬೈರಣ್ಣ ಮತ್ತೆ ಪೆನ್ನು ಊರಿದ. ದೊಡ್ಡಬೈರಣ್ಣ ಎದ್ದು ನಿಂತು ಆ ಕೈ ಹಿಡ್ಕೊಂಡ. ಬಿಗಿಯಾಗಿ ಹಿಡ್ಕೊಂಡ.

"ಲೇ ಚಿಕ್ಕ, ಕೇಳಿಲ್ಲಿ. ನೀನು ಇಲ್ಲಿ ಸೈನ್ ಹಾಕಿದ್ರೆ ನಾಳೆ ಊರು ಏನಂತದೆ ಹೇಳು? ತಮ್ಮ ಬಂದು ಬಿಡಿಸ್ಕೊಂಡ್ ಹೋದ ಅಂತದೆ. ಎಂಥಾ ತಮ್ಮ ಅಂತದೆ. ನಾನ್ ಬಂದು ಇಲ್ಲಿ ನಿಂತದ್ದು ಒಬ್ಬನ ಬಾಯಲ್ಲೂ ಬರಲ್ಲ." ಹಿಡಿದ ಕೈ ಬಿಡಲಿಲ್ಲ. "ಹುಟ್ಟಿದಾಗಿಂದ ನಿನಗೆ ಅಂತ ನಾನು ಮಾಡಿರೋದು ಇದೊಂದೇ ಕಣ್ಲಾ. ಮನಸ್ಸಿಂದ ಕೂಡ ಮಾಡಿದ್ದಲ್ಲ, ಹೊಟ್ಟೆಕಿಚ್ಚಿಗೆ ಮಾಡಿದ್ದು. ಆದ್ರೂ ನನ್ನದು. ಇದನ್ನೂ ನೀನು ಕಿತ್ಕೋಬೇಡ."

ಚಿಕ್ಕಬೈರಣ್ಣ ಅಣ್ಣನ ಮುಖ ನೋಡಿದ. ಆಮೇಲೆ ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡ, ಫಾರಂ ವಕೀಲನ ಕೈಗೆ ವಾಪಸು ಕೊಟ್ಟ.

"ಆಯ್ತಣ್ಣ," ಅಂದ.

ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಹೋದವನು ಹಿಂದಿರುಗಿ ನೋಡಲಿಲ್ಲ. ದೊಡ್ಡಬೈರಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ನಡೀರಿ ಸ್ವಾಮಿ, ಊಟದ ಹೊತ್ತಿಗೆ ಹೋಗಿಬಿಡೋಣ," ಅಂದ ವೆಂಕಟರಾಯಪ್ಪನಿಗೆ.